ಕೆನ್ನೆಗೇರಿದ ಕಲ್ಲು
(ಬಾನುಲಿ ಭಾಷಣದ ಬರಹರೂಪ)

ಬಳಪವನ್ನು ಅರಿಯದ ಕನ್ನಡಿಗರು ವಿರಳ. ಕರಿಹಲಗೆಯ ಮೇಲೆ ಅಕ್ಷರ ತಿದ್ದಿದ ತಲೆಮಾರಿನವರಿಗೆ ಅದು ವಿದ್ಯೆಯ ಮೊದಲ ಉಪಕರಣ. ಕದ್ದು ಕಡಿದು ತಿಂದವರೂ ನಮ್ಮಲ್ಲಿ ಕಡಮೆಯಿಲ್ಲ. ಅದೇ ಬಳಗದ ಮೆದುಶಿಲೆಯನ್ನು ನಮ್ಮ ಶಿಲ್ಪಿಗಳು 'ಬಳಪದ ಕಲ್ಲು' ಎಂದು ಕರೆದರು. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ, ಬೇಲೂರಿನ ಚೆನ್ನಕೇಶವ ದೇವಾಲಯ ಮೈದಳೆದದ್ದು ಆ ಕಲ್ಲಿನಲ್ಲಿ. ಅಲ್ಲಿಯ ದರ್ಪಣಸುಂದರಿ ಕೈಯಲ್ಲಿ ಕನ್ನಡಿ ಹಿಡಿದು, ತನ್ನ ಮುಖವನ್ನು ತಾನೇ ನೋಡಿಕೊಳ್ಳುತ್ತ ಒಂಬತ್ತು ಶತಮಾನಗಳಿಂದ ನಿಂತಿದ್ದಾಳೆ. ಆಕೆಯ ಮೈಯಾದ ಶಿಲೆಯ ಬಳಗಕ್ಕೆ ಸೇರಿದ ಟಾಲ್ಕ್ ಎಂಬ ಖನಿಜವನ್ನು ಶುದ್ಧವಾಗಿ ದೊರೆಯುವ ಕಡೆ ಅಗೆದು, ಬೀಸಿ, ಜರಡಿಹಿಡಿದು, ಪರಿಮಳ ಬೆರೆಸಿದರೆ ಅದೇ ನಮ್ಮ ಬಚ್ಚಲುಮನೆಯ ಗೂಡಿನಲ್ಲಿ ಕುಳಿತಿರುವ ಪೌಡರಿನ ಡಬ್ಬಿ. ಟಾಲ್ಕಮ್ ಪೌಡರ್ ಎಂಬ ಹೆಸರೇ ಅದರ ಕುಲವನ್ನು ಸಾರುತ್ತದೆ.

ಕಲ್ಲೊಂದು ಕೆನ್ನೆಗೆ ಹಿತವಾಗುವುದಾದರೂ ಹೇಗೆ? ಜರ್ಮನ್ ಖನಿಜಶಾಸ್ತ್ರಜ್ಞ ಮೋಹ್ಸ್ 1812ರಲ್ಲಿ ಖನಿಜಗಳ ಗಡಸುತನವನ್ನು ಅಳೆಯಲು ಹತ್ತು ಮೆಟ್ಟಿಲುಗಳ ಒಂದು ಏಣಿಯನ್ನು ನಿರ್ಮಿಸಿದನು. ಹತ್ತನೆಯ ಮೆಟ್ಟಿಲಿನಲ್ಲಿ ವಜ್ರ. ಮೊದಲನೆಯದರಲ್ಲಿ, ಎಲ್ಲಕ್ಕೂ ಕೆಳಗೆ, ಟಾಲ್ಕ್. ಮೆಗ್ನೀಸಿಯಂ, ಸಿಲಿಕಾನ್, ಆಮ್ಲಜನಕಗಳು ತುಸು ಜಲಾಂಶದೊಡನೆ ಕೂಡಿ ಆದ ಈ ಖನಿಜದ ಕಣಗಳು ತೆಳುವಾದ ಹಾಳೆಗಳ ಹಾಗೆ ಒಂದರ ಮೇಲೊಂದು ಕುಳಿತಿರುತ್ತವೆ. ಹಾಳೆಯೊಳಗಿನ ಬಂಧ ಬಿಗಿಯಾದದ್ದು, ಆದರೆ ಹಾಳೆ ಹಾಳೆಗಳ ನಡುವಣ ಬಂಧ ಬಹು ಸಡಿಲ. ಎಣ್ಣೆ ಸವರಿದ ವೀಳ್ಯದೆಲೆಯ ಕಟ್ಟಿನಂತೆ ಮುಟ್ಟಿದರೆ ಜಾರುತ್ತವೆ. ಪೌಡರಿನ ನುಣುಪೆಂದರೆ ಈ ಜಾರುವಿಕೆಯೇ. ತೊಡೆಸಂದು, ಕಂಕುಳುಗಳಲ್ಲಿ ಚರ್ಮ ಚರ್ಮಕ್ಕೆ ಉಜ್ಜಿ ಕೆಂಪೇಳದಂತೆ ಅದು ತಡೆಯುತ್ತದೆ. ಮುಖದ ಜಿಡ್ಡನ್ನು ತನ್ನ ಮೈಗೆ ಎಳೆದುಕೊಳ್ಳುತ್ತದೆ. ಬೆಳಕನ್ನು ಚದುರಿಸಿ ಸಣ್ಣ ಸುಕ್ಕುಗಳನ್ನು ಮರೆಮಾಡುತ್ತದೆ. ಇಷ್ಟೇ ಆಗಿದ್ದರೆ ಇಂದಿನ ಮಾತಿಗೆ ಅವಕಾಶವಿರುತ್ತಿರಲಿಲ್ಲ. ಕಳೆದ ಕೆಲವು ವರ್ಷಗಳಲ್ಲಿ ಈ ನಿರುಪದ್ರವಿ ಪುಡಿ ನ್ಯಾಯಾಲಯದ ಕಟಕಟೆಯನ್ನೂ ಏರಿತು. ಮನೆಮನೆಯ ತಾಯಂದಿರು 'ಕೂಸಿಗೆ ಇದನ್ನು ಹಾಕಬಹುದೆ?' ಎಂದು ಕೇಳುವಂತಾಗಿದೆ.

ಪ್ರಶ್ನೆ ಸರಳವಾದರೂ ಉತ್ತರ ಒಂದೇ ಮಾತಿನಲ್ಲಿಲ್ಲ. ಪುಡಿ ಯಾವುದು ಎಂಬುದರಷ್ಟೇ, ಅದು ದೇಹವನ್ನು ಯಾವ ಬಾಗಿಲಿನಿಂದ ಹೊಗುತ್ತದೆ ಎಂಬುದೂ ಇಲ್ಲಿ ಮುಖ್ಯ. ಚರ್ಮದ ಬಗೆಗೆ ನಮಗೆ ಅನಗತ್ಯವಾದ ಭಯವಿದೆಯೆಂದು ನನಗೆ ತೋರುತ್ತದೆ. ಅದರ ಹೊರಪದರ ಸತ್ತ ಕೋಶಗಳನ್ನು ಇಟ್ಟಿಗೆಯಂತೆ ಜೋಡಿಸಿ ಕೊಬ್ಬಿನ ಗಾರೆ ಹಾಕಿದ ಗೋಡೆ. ಖನಿಜದ ಕಣ ಆ ಗೋಡೆಯನ್ನು ದಾಟಲಾರದು. ಬಿಸಿಲು ತಡೆಯುವ ಲೇಪಗಳಲ್ಲಿ ಇಂದು ಬಳಸುವ ಟೈಟೇನಿಯಂ ಡೈಆಕ್ಸೈಡ್, ಸತುವಿನ ಆಕ್ಸೈಡುಗಳ ಅತಿಸೂಕ್ಷ್ಮ ಕಣಗಳು ಕೂಡ ಆರೋಗ್ಯವಂತ ಚರ್ಮದ ಮೇಲ್ಪದರದಲ್ಲೇ ನಿಂತುಬಿಡುತ್ತವೆಂದು ಪರೀಕ್ಷೆಗಳು ತೋರಿಸಿವೆ.

ಆದರೆ ಕಲ್ಲಿನ ಪುಡಿ ತಾನು ಒಳಹೋಗದಿದ್ದರೂ ಮತ್ತೊಂದನ್ನು ಹೊತ್ತು ತರಬಲ್ಲದು. 1972ರಲ್ಲಿ ಫ್ರಾನ್ಸಿನಲ್ಲಿ ನಡೆದದ್ದು ಅದು. 'ಟಾಲ್ಕ್ ಮೊರಾಂಜ್' ಎಂಬ ಮಕ್ಕಳ ಪೌಡರಿಗೆ, ತಯಾರಿಕೆಯಲ್ಲಾದ ಪ್ರಮಾದದಿಂದ, ಹೆಕ್ಸಕ್ಲೋರೊಫೀನ್ ಎಂಬ ಕ್ರಿಮಿನಾಶಕ ನೂರಕ್ಕೆ ಆರು ಪಾಲಿಗೂ ಮಿಕ್ಕಿ ಬೆರೆತುಹೋಯಿತು. ಉಚ್ಚೆಬಟ್ಟೆಯ ಅಡಿಯಲ್ಲಿ ಒದ್ದೆಯಾಗಿ ಕೆಂಪೆದ್ದಿದ್ದ ಎಳೆಯ ಚರ್ಮಕ್ಕೆ ತಾಯಂದಿರು ಅಕ್ಕರೆಯಿಂದ ಆ ಪುಡಿಯನ್ನು ಹಚ್ಚಿದರು. ಕ್ರಿಮಿನಾಶಕ ಚರ್ಮದ ಮೂಲಕ ರಕ್ತವನ್ನು ಸೇರಿ ಮಿದುಳಿಗೆ ತಗುಲಿತು. 204 ಮಕ್ಕಳು ಕಾಯಿಲೆ ಬಿದ್ದರು. ಅವರಲ್ಲಿ 36 ಮಕ್ಕಳು ಉಳಿಯಲಿಲ್ಲ. ಹೆಚ್ಚು ಹಚ್ಚಿದಷ್ಟೂ ಹೆಚ್ಚು ಅಪಾಯ, ಅಂದರೆ ಹೆಚ್ಚು ಜತನ ಮಾಡಿದ ತಾಯಿಗೇ ಹೆಚ್ಚು ದುಃಖ. ಇದನ್ನು ನೆನೆದಾಗ ಮನಸ್ಸು ಕಂಪಿಸುತ್ತದೆ. ಟಾಲ್ಕ್ ಇಲ್ಲಿ ಬರಿಯ ವಾಹನ. ಆದರೂ, ಬಿರಿದ ಚರ್ಮ ಗೋಡೆಯಲ್ಲ, ತೆರೆದ ಬಾಗಿಲು ಎಂಬುದಕ್ಕೆ ಇದಕ್ಕಿಂತ ಕಠೋರವಾದ ನಿದರ್ಶನ ಬೇಕಿಲ್ಲ.

ಎರಡನೆಯ ಬಾಗಿಲು ಬಾಯಿ. ಮುಖಕ್ಕೆ ಬಳಿಯುವ ಖನಿಜಗಳಲ್ಲಿ ಚರಿತ್ರೆಯುದ್ದಕ್ಕೂ ಮೆರೆದದ್ದು ಸೀಸದಿಂದ ಮಾಡಿದ ಬಿಳಿಯ ಪುಡಿ. ಗ್ರೀಕರು ಅದನ್ನು ಬಲ್ಲರು, ಇಂಗ್ಲೆಂಡಿನ ಆಸ್ಥಾನ ಅದನ್ನು ಮೆಚ್ಚಿತು. ಚೆಲುವಿಗೆ ಹೆಸರಾಗಿದ್ದ ಕವೆಂಟ್ರಿಯ ಶ್ರೀಮಂತ ಮನೆತನದ ಸೊಸೆ ಮರಿಯಾ ಗನ್ನಿಂಗ್ 1760ರಲ್ಲಿ ಇಪ್ಪತ್ತೇಳನೆಯ ವಯಸ್ಸಿಗೇ ತೀರಿಕೊಂಡದ್ದು ಈ ಬಿಳುಪಿನ ಮೋಹದಿಂದಲೇ ಎಂದು ಅಂದಿನ ಜನ ಆಡಿಕೊಂಡರು. ಇನ್ನೂ ನಿಖರವಾದ ಸಾಕ್ಷ್ಯ ಜಪಾನಿನಲ್ಲಿದೆ. 1887ರಲ್ಲಿ ಮೇಜಿ ಚಕ್ರವರ್ತಿಯ ಸಮ್ಮುಖದಲ್ಲಿ ನಡೆದ ಕಬುಕಿ ನಾಟಕದಲ್ಲಿ ನಾಕಾಮುರಾ ಫುಕುಸುಕೆ ಎಂಬ ನಟನ ಕಾಲು ರಂಗದ ಮೇಲೆಯೇ ನಡುಗತೊಡಗಿತು. ದಿನದಿನವೂ ಮುಖಕ್ಕೂ ಕೊರಳಿಗೂ ಮೆತ್ತಿಕೊಳ್ಳುತ್ತಿದ್ದ ಸೀಸದ ಬಿಳಿ ಅವನ ನರಗಳನ್ನು ಹಿಡಿದಿತ್ತು. ನಟನ ಕಾಯಿಲೆಯಾದದ್ದರಿಂದ ಸುದ್ದಿ ನಾಡಿಗೆಲ್ಲ ಹಬ್ಬಿತು. ಸದ್ದಿಲ್ಲದೆ ನಡೆಯುತ್ತಿದ್ದ ಅನಾಹುತ ಬೇರೆಯದೇ ಇತ್ತು. ಜಪಾನಿನ ಎಷ್ಟೋ ಹಸುಗೂಸುಗಳು ಮಿದುಳಿನ ಪೊರೆಯ ಉರಿಯೂತದಂತೆ ತೋರುವ ಒಂದು ವಿಚಿತ್ರ ವ್ಯಾಧಿಯಿಂದ ಸಾಯುತ್ತಿದ್ದವು. 1923ರಲ್ಲಿ ಕ್ಯೋಟೊ ವಿಶ್ವವಿದ್ಯಾಲಯದ ಮಕ್ಕಳ ವೈದ್ಯ ಹಿರಾಯಿ ಇಕುತಾರೊ ಅದರ ಮೂಲವನ್ನು ಪತ್ತೆಹಚ್ಚಿದರು. ತಾಯಂದಿರು ಬಳಿದುಕೊಂಡಿದ್ದ ಪುಡಿಯಲ್ಲಿನ ಸೀಸ, ಎದೆಗೆ ಕೊರಳಿಗೆ ಬಾಯಿಟ್ಟ ಕೂಸಿನ ಹೊಟ್ಟೆಯನ್ನು ಸೇರುತ್ತಿತ್ತು. ತಾಯಿಯ ಚರ್ಮ ತಡೆದದ್ದನ್ನು ಮಗುವಿನ ನಾಲಿಗೆ ತಡೆಯಲಿಲ್ಲ.

ಇದು ಹೊರನಾಡುಗಳ ಹಳೆಯ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. ಅರಿಸಿನಕ್ಕೆ ಸುಣ್ಣದಂಥ ಕ್ಷಾರವನ್ನು ಸೇರಿಸಿ ಕೆಂಪಾಗಿಸಿದ ಮನೆಯ ಕುಂಕುಮ ಒಂದು. ಸೀಸದ ಕೆಂಪು ಆಕ್ಸೈಡಿನಿಂದಲೋ, ಪಾದರಸದ ಇಂಗಳೀಕದಿಂದಲೋ ಮಾಡಿದ ಸಿಂಧೂರ ಇನ್ನೊಂದು. ಹಣೆಯ ಮೇಲೆ ಎರಡೂ ಕೆಂಪೇ. ಹಣೆಯಿಂದ ಉದುರಿದ್ದು ಬೆರಳಿಗೆ, ಬೆರಳಿನದು ತುತ್ತಿಗೆ ಬರುವಾಗ ಎರಡೂ ಒಂದೇ ಅಲ್ಲ. ಕಣ್ಣಿಗೆ ಹಚ್ಚುವ ಸುರ್ಮಾದ ಮಾತೂ ಹಾಗೆಯೇ. ಅಂಜನದ ಕಲ್ಲಿನ ಹೆಸರಿನಲ್ಲಿ ಮಾರಾಟವಾಗುವುದು ಎಷ್ಟೋ ವೇಳೆ ಸೀಸದ ಅದಿರು. ಕಣ್ಣುಜ್ಜಿದ ಕೈಯನ್ನು ಚೀಪುವ ಮಕ್ಕಳ ರಕ್ತದಲ್ಲಿ ಸೀಸವೇರಿದ ಪ್ರಕರಣಗಳನ್ನು ವೈದ್ಯರು ಮತ್ತೆ ಮತ್ತೆ ಗುರುತಿಸಿದ್ದಾರೆ. ನಮ್ಮ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಬಣ್ಣಕ್ಕಾಗಿ ಸೀಸದ ಅಥವಾ ಆರ್ಸೆನಿಕ್ಕಿನ ಸಂಯುಕ್ತಗಳನ್ನು ಪ್ರಸಾಧನ ಸಾಮಗ್ರಿಗಳಲ್ಲಿ ಬಳಸಕೂಡದು. ಬಣ್ಣದ ಜೊತೆ ಅರಿಯದೆ ಬೆರೆತುಬರುವ ಸೀಸಕ್ಕೂ ಹತ್ತು ಲಕ್ಷಕ್ಕೆ 20 ಭಾಗದ ಮಿತಿಯುಂಟು. 2020ರ ಪ್ರಸಾಧನ ನಿಯಮಗಳೂ ಇದನ್ನು ಎತ್ತಿಹಿಡಿದಿವೆ. ಆದರೆ ನಿಯಮ ತಲುಪುವುದು ಮೊಹರು ಹಾಕಿದ ಡಬ್ಬಿಯವರೆಗೆ. ಜಾತ್ರೆಯಲ್ಲಿ ಗುಡ್ಡೆ ಹಾಕಿ ಅಳೆದು ಕೊಡುವ ಪುಡಿಗೆ ಹೆಸರೂ ಇಲ್ಲ, ಊರೂ ಇಲ್ಲ.

ಮೂರನೆಯ ಬಾಗಿಲು ಉಸಿರು. ಟಾಲ್ಕಿನ ವಿವಾದದ ತಿರುಳು ಇರುವುದು ಇಲ್ಲಿಯೇ.

ಮೆಗ್ನೀಸಿಯಂ ಹೇರಳವಾಗಿರುವ ಶಿಲೆಗಳ ನಡುವೆ, ಭೂಮಿಯ ಆಳದಲ್ಲಿ, ಬಿಸಿನೀರು ಸಿಲಿಕಾವನ್ನು ಹೊತ್ತು ಹರಿದಾಗ ಕಲ್ಲಿನ ಸ್ವರೂಪವೇ ಮಾರ್ಪಟ್ಟು ಟಾಲ್ಕ್ ಹುಟ್ಟುತ್ತದೆ. ಶಾಖವೋ ಒತ್ತಡವೋ ತುಸು ಬೇರೆಯಾದರೆ ಅದೇ ಮಡಿಲಲ್ಲಿ ಟ್ರೆಮೊಲೈಟ್, ಆಂಥೊಫಿಲ್ಲೈಟ್, ಕ್ರೈಸೊಟೈಲ್ ಎಂಬ ಎಳೆಎಳೆಯಾದ ಖನಿಜಗಳು ಜನ್ಮತಾಳುತ್ತವೆ. ಇವೇ ಆಸ್ಬೆಸ್ಟಾಸ್. ಕಲ್ಲಿನ ನಾರು ಎಂಬರ್ಥದಲ್ಲಿ ಕನ್ನಡ ಅದನ್ನು 'ಕಲ್ನಾರು' ಎಂದಿದೆ. ಇಷ್ಟು ಸೊಗಸಾದ ಹೆಸರು ಇಷ್ಟು ಕ್ರೂರವಾದ ವಸ್ತುವಿಗೆ ಬಂದದ್ದು ಭಾಷೆಯ ವಿನೋದವೆನ್ನಬೇಕು. ಬಳಪದ ಕಲ್ಲಿಗೂ ಕಲ್ನಾರಿಗೂ ಇರುವ ಈ ನೆರೆಹೊರೆ ದೂರದೇಶದ ಮಾತಷ್ಟೇ ಅಲ್ಲ. ನಮ್ಮ ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತಣ ಪ್ರಾಚೀನ ಶಿಲಾಪಟ್ಟಿಯಲ್ಲಿಯೂ ಕಲ್ನಾರನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಆದುದರಿಂದ ಟಾಲ್ಕನ್ನು ಅಗೆಯುವವನು ನೆರೆಮನೆಯವನನ್ನೂ ಕೂಡಿಯೇ ಅಗೆದು ತರುವ ಸಂಭವ ಯಾವಾಗಲೂ ಇದೆ. ಎಲ್ಲ ಗಣಿಗಳೂ ಹೀಗಿರುವುದಿಲ್ಲ. ಆದರೆ ಯಾವುದು ಹೀಗಿದೆಯೆಂದು ನೋಡದೆ ತಿಳಿಯುವಂತಿಲ್ಲ. ಕಲ್ನಾರಿನ ಎಳೆ ಉಸಿರಿನೊಡನೆ ಒಳಹೊಕ್ಕರೆ ಕರಗುವುದಿಲ್ಲ, ಹೊರಬರುವುದೂ ಕಷ್ಟ. ಶ್ವಾಸಕೋಶದ ಪೊರೆಯಲ್ಲಿ ಅದು ಉಂಟುಮಾಡುವ ಮೆಸೊಥೆಲಿಯೋಮ ಎಂಬ ಕ್ಯಾನ್ಸರ್ ತಲೆಯೆತ್ತುವುದು ಇಪ್ಪತ್ತು, ನಲವತ್ತು ವರ್ಷಗಳ ಅನಂತರ. ತೊಟ್ಟಿಲಲ್ಲಿ ಎಳೆದ ಉಸಿರಿಗೆ ನಡುಹರೆಯದಲ್ಲಿ ಲೆಕ್ಕ ಒಪ್ಪಿಸಬೇಕಾಗುತ್ತದೆ.

ಪರೀಕ್ಷೆ ಮಾಡಬಾರದೆ ಎಂದು ನೀವು ಕೇಳಬಹುದು. ಮಾಡುತ್ತಾರೆ. ಅಮೆರಿಕದ ಪ್ರಸಾಧನ ಉದ್ಯಮಿಗಳ ಸಂಘ 1976ರಲ್ಲಿಯೇ, ಪೌಡರಿನ ಟಾಲ್ಕಿನಲ್ಲಿ ಆಸ್ಬೆಸ್ಟಾಸ್ ಕಾಣಿಸಕೂಡದು ಎಂಬ ಮಟ್ಟವನ್ನು ತನಗೆ ತಾನೇ ವಿಧಿಸಿಕೊಂಡಿತು. ಇಲ್ಲಿ 'ಕಾಣಿಸಕೂಡದು' ಎಂಬ ಪದವನ್ನು ತುಸು ಎಚ್ಚರದಿಂದ ಓದಬೇಕು. ಆ ವಿಧಾನದಲ್ಲಿ ಕ್ಷಕಿರಣಗಳ ಮೂಲಕ ನೋಡಿದಾಗ, ನೂರಕ್ಕೆ ಸುಮಾರು ಅರ್ಧ ಭಾಗಕ್ಕಿಂತ ಕಡಮೆಯಿದ್ದ ಎಳೆಗಳು ಕಣ್ಣಿಗೆ ಬೀಳುತ್ತಿರಲಿಲ್ಲ. ಅರ್ಧ ಭಾಗವೆಂದರೆ ತೂಕದಲ್ಲಿ ಅಲ್ಪ. ಎಣಿಕೆಯಲ್ಲಿ, ಒಂದು ಚಿಟಿಕೆ ಪುಡಿಯಲ್ಲಿ, ಲಕ್ಷಗಟ್ಟಲೆ ಎಳೆಗಳು. 'ಕಾಣಲಿಲ್ಲ' ಎಂಬುದನ್ನು 'ಇಲ್ಲ' ಎಂದು ಜಾಹೀರಾತು ಓದಿಕೊಂಡಿತು, ನಾವೂ ಹಾಗೆಯೇ ಓದಿದೆವು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೋಟ ಇದಕ್ಕಿಂತ ಬಹಳ ಹರಿತವಾದದ್ದು. 2019ರ ಅಕ್ಟೋಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಜಾನ್ಸನ್ ಕಂಪನಿಯ ಮಕ್ಕಳ ಪೌಡರಿನ ಒಂದು ಡಬ್ಬಿಯಲ್ಲಿ ಕ್ರೈಸೊಟೈಲ್ ಎಳೆಗಳು ಕಂಡವೆಂದು ಪ್ರಕಟಿಸಿತು. ಆ ತಂಡದ ಸುಮಾರು 33,000 ಡಬ್ಬಿಗಳನ್ನು ಕಂಪನಿ ಹಿಂತೆಗೆದುಕೊಂಡಿತು. ತನ್ನ ಪೌಡರು ನಿರಪಾಯವೆಂದೂ ಅದರಲ್ಲಿ ಆಸ್ಬೆಸ್ಟಾಸ್ ಇಲ್ಲವೆಂದೂ ಕಂಪನಿ ವಾದಿಸುತ್ತಲೇ ಬಂದಿತು. ಆದರೂ 2020ರಲ್ಲಿ ಅಮೆರಿಕ, ಕೆನಡಾಗಳಲ್ಲಿಯೂ 2023ರಲ್ಲಿ ಜಗತ್ತಿನಾದ್ಯಂತವೂ ಟಾಲ್ಕನ್ನು ಕೈಬಿಟ್ಟು ಮೆಕ್ಕೆಜೋಳದ ಪಿಷ್ಟಕ್ಕೆ ತಿರುಗಿತು.

ಹಾಗಾದರೆ ಕಲ್ನಾರಿನ ಸೋಂಕಿಲ್ಲದ ಶುದ್ಧ ಟಾಲ್ಕು? ಇಲ್ಲಿ ವಿಜ್ಞಾನಿಗಳಲ್ಲಿಯೇ ಏಕಮತವಿಲ್ಲ. ಬ್ರಿಟನ್ನಿನ ಕಾರ್ಡಿಫಿನ ವೈದ್ಯರು 1971ರಲ್ಲಿ ಅಂಡಾಶಯದ ಗೆಡ್ಡೆಗಳಲ್ಲಿ ಟಾಲ್ಕಿನ ಕಣಗಳನ್ನು ಕಂಡರು. ಗುಹ್ಯಭಾಗಕ್ಕೆ ಹಾಕಿದ ಪುಡಿ ಗರ್ಭಕೋಶದ ದಾರಿಯಲ್ಲಿ ಮೇಲೇರಿತೆ ಎಂಬ ಅನುಮಾನ ಅಂದಿನಿಂದ ಬೆಳೆಯಿತು. 1982ರಲ್ಲಿ ಬಾಸ್ಟನ್ನಿನಿಂದ ಬಂದ ಅಧ್ಯಯನ ಈ ಅನುಮಾನವನ್ನು ಬಲಪಡಿಸಿತು. ಇಂಥ ಅಧ್ಯಯನಗಳು ಕಾಯಿಲೆ ಬಿದ್ದವರನ್ನು ಹಿಂದಿನ ಅಭ್ಯಾಸ ಕುರಿತು ಕೇಳುತ್ತವೆ. ಕಾಯಿಲೆಯವರ ನೆನಪು ಆರೋಗ್ಯವಂತರದಕ್ಕಿಂತ ಹೆಚ್ಚು ಕೆದಕುತ್ತದೆಯೆಂಬುದು ಅವುಗಳ ದೌರ್ಬಲ್ಯ. ಸುಮಾರು ಎರಡೂವರೆ ಲಕ್ಷ ಮಹಿಳೆಯರನ್ನು ಮೊದಲೇ ಗೊತ್ತುಮಾಡಿಕೊಂಡು ಹಲವು ವರ್ಷ ಅನುಸರಿಸಿ ನೋಡಿದ ಅಧ್ಯಯನಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟಿಸಿದಾಗ, ಒಟ್ಟಾರೆಯಾಗಿ ನಿಶ್ಚಿತವಾದ ಸಂಬಂಧ ತೋರಲಿಲ್ಲ. ಗರ್ಭಕೋಶ ಮತ್ತು ನಾಳಗಳು ಅಡೆತಡೆಯಿಲ್ಲದೆ ಇದ್ದವರಲ್ಲಿ ಮಾತ್ರ ಅಲ್ಪ ಪ್ರಮಾಣದ ಹೆಚ್ಚಳ ಕಂಡುಬಂದಿತು. ಇಲಿಗಳ ಮೇಲಿನ ಪ್ರಯೋಗ ಮತ್ತು ಜೀವಕೋಶಗಳಲ್ಲಿ ಕಂಡ ವಿಕಾರಗಳನ್ನೂ ಸೇರಿಸಿ ತೂಗಿದ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ, 2024ರ ಜುಲೈಯಲ್ಲಿ ಟಾಲ್ಕನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಎಂಬ ವರ್ಗಕ್ಕೆ ಸೇರಿಸಿತು. ಈ ವರ್ಗ ಸಾಕ್ಷ್ಯದ ಬಲವನ್ನು ಹೇಳುತ್ತದೆಯೇ ಹೊರತು ಅಪಾಯದ ಗಾತ್ರವನ್ನಲ್ಲ. ಕುರಿ, ದನಗಳ ಕೆಂಪು ಮಾಂಸವೂ 2015ರಿಂದ ಅದೇ ವರ್ಗದಲ್ಲಿದೆ. ನನ್ನ ಮಟ್ಟಿಗೆ ಹೇಳುವುದಾದರೆ, ವರ್ಷಕ್ಕೊಂದೆರಡು ಮದುವೆಗಳಲ್ಲಿ ಮುಖಕ್ಕೆ ಹಚ್ಚಿಕೊಂಡ ಪುಡಿಗೆ ಹೆದರುವ ಕಾರಣ ಕಾಣೆ. ಗುಹ್ಯಭಾಗಕ್ಕೆ ನಿತ್ಯವೂ ಹಾಕುವ ಅಭ್ಯಾಸವನ್ನು ಬಿಡುವುದು ಮಾತ್ರ ವಿವೇಕ. ಅದರಿಂದ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲದಿರುವಾಗ, ಸಣ್ಣ ಅನುಮಾನವೂ ಬೆಲೆತೆರಬೇಕಾದ ಸಾಲವೇ.

ಕ್ಯಾನ್ಸರಿನ ಗದ್ದಲದಲ್ಲಿ ಮರೆತುಹೋಗುವ ಒಂದು ಸರಳ ಅಪಾಯವುಂಟು. ಅದಕ್ಕೆ ಯಾವ ವಿವಾದವೂ ಇಲ್ಲ. ಸ್ನಾನ ಮುಗಿಸಿ ಮಲಗಿಸಿದ ಕೂಸು ಕೈಗೆ ಸಿಕ್ಕಿದ ಡಬ್ಬಿಯನ್ನು ಆಟಿಕೆಯೆಂದು ಬಗೆದು ಮುಖದ ಮೇಲೆ ಬೋರಲು ಹಾಕಿಕೊಳ್ಳುತ್ತದೆ. ಟಾಲ್ಕಿಗೆ ನೀರು ಅಂಟುವುದಿಲ್ಲ. ಆದುದರಿಂದ ಶ್ವಾಸನಾಳದ ಲೋಳೆ ಅದನ್ನು ಕಟ್ಟಿ ಹೊರದೂಡಲಾರದು. ಸಣ್ಣ ನಾಳಗಳು ಕಟ್ಟಿಕೊಂಡು ಮಕ್ಕಳು ಸತ್ತದ್ದೂ ವೈದ್ಯಕೀಯ ದಾಖಲೆಗಳಲ್ಲಿದೆ. ಮಕ್ಕಳಿಗೆ ಪೌಡರು ಬೇಡವೇ ಬೇಡ ಎಂಬ ಅಮೆರಿಕದ ಮಕ್ಕಳ ವೈದ್ಯರ ಸಂಘದ ಸಲಹೆಗೆ ಆಧಾರ ಇದು. ಹಾಕಲೇಬೇಕೆನ್ನುವ ಅಜ್ಜಿಯಂದಿರು ಅದನ್ನು ಮಗುವಿನಿಂದ ದೂರ ನಿಂತು ಅಂಗೈಗೆ ಸುರಿದುಕೊಂಡು, ಬಳಿಕ ಮೆಲ್ಲನೆ ಸವರಲಿ. ಮಗುವಿನ ಮೇಲೆ ಡಬ್ಬಿಯನ್ನು ಕೊಡವುವ ಪದ್ಧತಿ ನಿಲ್ಲಬೇಕು.

ಟಾಲ್ಕ್ ಒಳಹೊಕ್ಕ ಕಡೆ ಸುಮ್ಮನಿರುವ ವಸ್ತುವಲ್ಲವೆಂಬುದನ್ನು ಶಸ್ತ್ರವೈದ್ಯರು ಬಹು ಹಿಂದೆಯೇ ಅರಿತಿದ್ದರು. ರಬ್ಬರಿನ ಕೈಗವಸಿಗೆ ಹಚ್ಚಿದ ಟಾಲ್ಕ್ ಹೊಟ್ಟೆಯೊಳಗೆ ಉದುರಿ, ಕರುಳುಗಳು ಒಂದಕ್ಕೊಂದು ಅಂಟಿ ಗಂಟುಕಟ್ಟಿಕೊಂಡದ್ದನ್ನು ಕಂಡು ಅವರು ಪಿಷ್ಟಕ್ಕೆ ತಿರುಗಿದರು. ಅದೂ ನಿರ್ದೋಷಿಯಲ್ಲವೆಂದು ತಿಳಿದ ಮೇಲೆ ಪುಡಿ ಹಚ್ಚಿದ ಕೈಗವಸನ್ನೇ ಅಮೆರಿಕ 2016ರಲ್ಲಿ ನಿಷೇಧಿಸಿತು. ಹೀಗೆ ಅಂಟಿಸುವ ಗುಣವನ್ನೇ ಮದ್ದಾಗಿ ಬಳಸಿದ ಜಾಣ್ಮೆಯೂ ಉಂಟು. ಎದೆಗೂಡಿನಲ್ಲಿ ಮತ್ತೆ ಮತ್ತೆ ನೀರು ತುಂಬುವ ರೋಗಿಗಳಲ್ಲಿ, ಶುದ್ಧೀಕರಿಸಿದ ಟಾಲ್ಕನ್ನು ಪೊರೆಗಳ ನಡುವೆ ತೂರಿ, ಅವು ಉರಿಯೂತದಿಂದ ಒಂದಕ್ಕೊಂದು ಬೆಸೆದುಕೊಳ್ಳುವಂತೆ ಮಾಡುತ್ತಾರೆ. ಕೆನಡಾದ ವೈದ್ಯ ನಾರ್ಮನ್ ಬೆಥ್ಯೂನ್ 1935ರಲ್ಲಿ ವಿವರಿಸಿದ ಈ ಚಿಕಿತ್ಸೆ ಇಂದಿಗೂ ಬಳಕೆಯಲ್ಲಿದೆ.

ಟಾಲ್ಕಿನ ಹೆಸರು ಕೆಟ್ಟ ಬಳಿಕ ಅಂಗಡಿಗಳಲ್ಲಿ 'ಮಿನರಲ್ ಮೇಕಪ್' ಎಂಬ ಪದ ಹೆಚ್ಚು ಹೊಳೆಯತೊಡಗಿದೆ. ಭೂಮಿತಾಯಿಯ ಮಡಿಲಿನಿಂದ ನೇರವಾಗಿ ಬಂದದ್ದು, ಆದುದರಿಂದ ಪರಿಶುದ್ಧ ಎಂಬ ಧ್ವನಿ ಅದರಲ್ಲಿದೆ. ಟಾಲ್ಕೂ ಮಿನರಲ್ಲೇ, ಸೀಸವೂ ಮಿನರಲ್ಲೇ, ಕಲ್ನಾರೂ ಮಿನರಲ್ಲೇ ಎಂಬುದನ್ನು ಮಾರುವವರು ನೆನಪಿಸುವುದಿಲ್ಲ. ಇನ್ನೂ ಸ್ವಾರಸ್ಯವಾದ ಸಂಗತಿಯೆಂದರೆ, ಈ ಪುಡಿಗಳ ಕೆಂಪು, ಹಳದಿ, ಕಂದು ಬಣ್ಣಕ್ಕೆ ಕಾರಣವಾದ ಕಬ್ಬಿಣದ ಆಕ್ಸೈಡುಗಳು ಗುಡ್ಡದ ಕೆಮ್ಮಣ್ಣಿನಿಂದ ಬಂದವಲ್ಲ. ಕೆಮ್ಮಣ್ಣಿನಲ್ಲಿ ಸೀಸ, ಆರ್ಸೆನಿಕ್ ಬೆರೆತಿರಬಹುದಾದ್ದರಿಂದ, ಕಾರ್ಖಾನೆಯಲ್ಲಿ ತಯಾರಿಸಿದ್ದನ್ನೇ ಬಳಸಬೇಕೆಂದು ಅಮೆರಿಕದ ನಿಯಮ ವಿಧಿಸುತ್ತದೆ. ಇಲ್ಲಿ ಪ್ರಕೃತಿಗಿಂತ ಪ್ರಯೋಗಶಾಲೆಯೇ ಶುದ್ಧ. ಬಿಸಿಲಿನಿಂದ ರಕ್ಷಿಸುತ್ತದೆಂಬ ಹೊಗಳಿಕೆಯೂ ಅರ್ಧ ಸತ್ಯ. ಡಬ್ಬಿಯ ಮೇಲೆ ಬರೆದ ಅಂಕಿ, ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿದಾಗ ದೊರೆಯುವಂಥದು. ಅಷ್ಟು ಪುಡಿ ಮೆತ್ತಿಕೊಂಡರೆ ಕನ್ನಡಿಯೇ ಬೆಚ್ಚೀತು.

ಆ ಪುಡಿಗಳ ಮಿನುಗು ಬರುವುದು ಅಭ್ರಕದಿಂದ. ನಮ್ಮ ಹಳ್ಳಿಗರು ಅದನ್ನು ಕಾಗೆಬಂಗಾರವೆಂದರು. ಅದರ ತೆಳ್ಳನೆಯ ಹಾಳೆಗೆ ಟೈಟೇನಿಯಂ ಡೈಆಕ್ಸೈಡಿನ ಲೇಪ ಕೊಟ್ಟರೆ, ಲೇಪದ ದಪ್ಪಕ್ಕೆ ತಕ್ಕಂತೆ ಮುತ್ತಿನ ಬಿಳಿ, ಹೊನ್ನು, ಹಸುರು ಹೊಮ್ಮುತ್ತವೆ. ಚರ್ಮಕ್ಕೆ ಅದರಿಂದ ಅಪಾಯವಿಲ್ಲ. ಆದರೆ ಜಾರ್ಖಂಡದ ಕೊಡೆರ್ಮಾ, ಗಿರಿಡೀಹ್ ಜಿಲ್ಲೆಗಳಲ್ಲಿ, ಪರವಾನಗಿಯಿಲ್ಲದ ಇಲಿಬಿಲಗಳಂಥ ಕುಣಿಗಳಿಂದ ಅದನ್ನು ಆಯ್ದು ತರುವವರಲ್ಲಿ ಮಕ್ಕಳೂ ಇದ್ದಾರೆಂಬುದನ್ನು 2016ರ ಸುಮಾರಿಗೆ ಪತ್ರಿಕಾ ತನಿಖೆಗಳು ಬಯಲಿಗೆಳೆದವು. ಕುಣಿ ಕುಸಿದು ಮಕ್ಕಳು ಸತ್ತದ್ದೂ ಆಗ ಹೊರಬಂದಿತು. 2017ರಲ್ಲಿ ಪ್ರಸಾಧನ ಕಂಪನಿಗಳೂ ಸೇರಿಕೊಂಡು, ಹೊಣೆಯರಿತ ಅಭ್ರಕಕ್ಕಾಗಿ ಒಂದು ಒಕ್ಕೂಟವನ್ನು ರಚಿಸಿಕೊಂಡವು. ಕುಣಿಯಿಂದ ದಲ್ಲಾಳಿಗೆ, ದಲ್ಲಾಳಿಯಿಂದ ರಫ್ತುದಾರನಿಗೆ ಸಾಗುವಾಗ ಒಂದು ಕುಣಿಯ ಕಾಗೆಬಂಗಾರ ಇನ್ನೊಂದರದರೊಡನೆ ಬೆರೆತುಹೋಗುತ್ತದೆ. ಪುಡಿಯಲ್ಲಿ ಅಭ್ರಕವಿದೆಯೆಂದು ಡಬ್ಬಿಯ ಮೇಲಿನ ಪಟ್ಟಿ ತಿಳಿಸುತ್ತದೆ. ಅದು ಯಾವ ಕುಣಿಯದು, ಯಾರ ಕೈಯಿಂದ ಬಂದದ್ದು ಎಂಬುದು ಆ ಪಟ್ಟಿಯಲ್ಲಿರುವುದಿಲ್ಲ.